ಬಿಗ್ ಬೆಂಡ್ ಮರುಭೂಮಿಯಲ್ಲಿ ಟೆಂಟ್ ಹಾಕೋಕೆ ಜಾಗ ಹುಡುಕೋದು: ಮೊದಲು ದಾರಿ, ಆಮೇಲೆ ನೋಟ

ಟೆಕ್ಸಸ್‌ನ ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನದಲ್ಲಿ ನಮ್ಮ ಮೊದಲ ರಾತ್ರಿ ಕಳೆದದ್ದು ಕಾರಿನೊಳಗೆ. ಟೆಂಟ್ ಇತ್ತು, ಜಾಗ ಇತ್ತು, ಪರ್ಮಿಟ್ ಕೂಡ ಕೈಯಲ್ಲಿತ್ತು. ಆದರೆ ಜಾಗವನ್ನು ನಾನು ಫೋಟೋ ನೋಡಿ ಆರಿಸಿದ್ದೆ.

ಅದು ಏಪ್ರಿಲ್ ತಿಂಗಳು. ಜಾಗದ ಹೆಸರು ಟೆರ್ಲಿಂಗ್ವಾ ಅಬಾಹೊ. ಓಲ್ಡ್ ಮ್ಯಾವರಿಕ್ ರಸ್ತೆಯಿಂದ ಒಳಕ್ಕೆ ತಿರುಗಬೇಕು. ಒಂದು ಕಾಲದಲ್ಲಿ ಅಲ್ಲಿ ರೈತರ ಹಳ್ಳಿಯಿತ್ತು. ಹತ್ತಿರದ ಪಾದರಸದ ಗಣಿಗಳ ಜನರಿಗೆ ಅವರೇ ಬೆಳೆದು ಕೊಡುತ್ತಿದ್ದರಂತೆ. ಈಗ ಉಳಿದಿರುವುದು ಮುರಿದ ಗೋಡೆಗಳು, ಒಂದಿಷ್ಟು ಸಮಾಧಿಗಳು. ಫೋಟೋದಲ್ಲಿ ಎಷ್ಟು ಚೆನ್ನಾಗಿತ್ತು ಅಂದರೆ ಬೇರೆ ಏನನ್ನೂ ನೋಡದೆ ಬುಕ್ ಮಾಡಿಬಿಟ್ಟೆ. ನಮ್ಮ ಹಳೇ ಸೆಡಾನ್ ದಾರಿಯುದ್ದಕ್ಕೂ ಹೊಟ್ಟೆ ಕೆರೆದುಕೊಂಡು ಬಂತು. ಸಂಜೆ ನಾಲ್ಕಕ್ಕೆ ಇಳಿದರೆ ಬಿಸಿಲು ನೂರು ಡಿಗ್ರಿಯ ಹತ್ತಿರ, ಫ್ಯಾರನ್‌ಹೀಟ್ ಲೆಕ್ಕದಲ್ಲಿ. ಕೂರಲು ಮರದ ನೆರಳಿಲ್ಲ. ಕಾರಿನ ನೆರಳು ಸರಿದಂತೆ ನಾವೂ ಕುರ್ಚಿ ಸರಿಸಿಕೊಂಡು ಕೂತೆವು. ರಾತ್ರಿ ಗಾಳಿ ಎದ್ದಿತು. ಟೆಂಟಿನ ಗೂಟ ನೆಲಕ್ಕೆ ಇಳಿದಿರಲೇ ಇಲ್ಲ, ಹಾಗಾಗಿ ಟೆಂಟ್ ನಮ್ಮನ್ನು ಬಿಟ್ಟು ಹೊರಟಿತು. ನಮ್ಮ ಯಜಮಾನರು ಬರಿಗಾಲಲ್ಲೇ ಹಿಂದೆ ಓಡಿದರು. ಕಾಲಿಗೆ ಚುಚ್ಚಿದ ಮುಳ್ಳು ತೆಗೆಯುತ್ತಾ ಬೆಳಗಾಯಿತು.

ಅದಾದ ಮೇಲೆ ಆರು ಸಲ ಹೋಗಿದ್ದೇವೆ. ಈಗ ಟೆಕ್ಸಸ್‌ನಲ್ಲಿರುವ ನಮ್ಮ ಕನ್ನಡದ ಗೆಳತಿಯರು "ಅಲ್ಲಿ ಯಾವ ಸೈಟ್ ತಗೊಳ್ಳಲಿ?" ಅಂತ ಕೇಳುತ್ತಿರುತ್ತಾರೆ. ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಯಾವ ಗಾಡಿಯಲ್ಲಿ ಹೋಗ್ತಿದ್ದೀಯ?"

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನ ಟೆಕ್ಸಸ್‌ನ ನೈಋತ್ಯ ಮೂಲೆಯಲ್ಲಿದೆ. ರಿಯೋ ಗ್ರಾಂಡೆ ನದಿ ದೊಡ್ಡದಾಗಿ ಬಳಸಿಕೊಂಡು ಹರಿಯುವ ಕಡೆ. ನದಿಯ ಆಚೆ ದಡ ಮೆಕ್ಸಿಕೋ. 1944ರಲ್ಲಿ ಆದ ಪಾರ್ಕ್, ಎಂಟು ಲಕ್ಷ ಎಕರೆ, ಚಿಹುವಾಹುವಾ ಮರುಭೂಮಿ. ನಡುವೆ ಚಿಸೋಸ್ ಬೆಟ್ಟಗಳು. ಚಿಸೋಸ್ ಬೇಸಿನ್, ರಿಯೋ ಗ್ರಾಂಡೆ ವಿಲೇಜ್, ಕಾಟನ್‌ವುಡ್ ಅಂತ ಮಾಮೂಲಿ ಕ್ಯಾಂಪ್‌ಗ್ರೌಂಡ್‌ಗಳಿವೆ. ನಾನು ಹೇಳುತ್ತಿರುವುದು ಅವುಗಳ ಮಾತಲ್ಲ. ಮಣ್ಣುರಸ್ತೆಗಳ ಪಕ್ಕದಲ್ಲಿ, ಒಂದರಿಂದ ಇನ್ನೊಂದಕ್ಕೆ ಎಷ್ಟೋ ದೂರದಲ್ಲಿ ಹರಡಿರುವ 'ಪ್ರಿಮಿಟಿವ್ ರೋಡ್‌ಸೈಡ್' ಜಾಗಗಳ ಮಾತು. ಗಾಡಿ ನಿಲ್ಲಿಸಿ ಅದರ ಪಕ್ಕದಲ್ಲೇ ಟೆಂಟ್ ಹಾಕಬಹುದು. ಅಲ್ಲಿ ಇರುವುದು ಸಮ ಮಾಡಿದ ಒಂದು ತುಂಡು ನೆಲ, ಹೆಸರಿನ ಕಂಬ, ಕೆಲವು ಕಡೆ ಕರಡಿ ಮುಟ್ಟದ ಕಬ್ಬಿಣದ ಪೆಟ್ಟಿಗೆ. ನೀರಿಲ್ಲ, ಟಾಯ್ಲೆಟ್ ಇಲ್ಲ, ನೆರಳಿಲ್ಲ. ಕಂಡ ಕಂಡಲ್ಲಿ ಟೆಂಟ್ ಹಾಕುವಂತಿಲ್ಲ. ಪರ್ಮಿಟ್‌ನಲ್ಲಿ ಯಾವ ಜಾಗದ ಹೆಸರಿದೆಯೋ ಅಲ್ಲೇ ಇರಬೇಕು. ಅದಕ್ಕೇ ಆರಿಸುವಾಗ ತಲೆ ಓಡಿಸಬೇಕು.

ದಾರಿ

ಪಾರ್ಕಿನವರು ಮಣ್ಣುರಸ್ತೆಗಳನ್ನು ಎರಡು ಜಾತಿ ಮಾಡಿದ್ದಾರೆ. 'ಇಂಪ್ರೂವ್ಡ್' ಅಂದರೆ ಆಗಾಗ ಮಟ್ಟ ಮಾಡುವ ರಸ್ತೆ. ಒಣಗಿದ್ದಾಗ ಸಾಮಾನ್ಯ ಕಾರೂ ಮೆಲ್ಲಗೆ ಹೋಗುತ್ತದೆ. 'ಪ್ರಿಮಿಟಿವ್' ಅಂದರೆ ಕಲ್ಲು, ಗುಂಡಿ, ಮರಳು ಎಲ್ಲವೂ ಇರುವ ರಸ್ತೆ. ಅಲ್ಲಿಗೆ ನೆಲದಿಂದ ಎತ್ತರವಿರುವ ಗಾಡಿ ಬೇಕೇ ಬೇಕು, ಎಷ್ಟೋ ಕಡೆ ಫೋರ್ ವೀಲ್ ಡ್ರೈವ್ ಕೂಡ.

ನಾನು ಜನರಿಗೆ ಹೇಳುವ ಲೆಕ್ಕ ಹೀಗೆ. ಸೆಡಾನ್ ಅಥವಾ ಮಿನಿವ್ಯಾನ್ ಇದ್ದರೆ ಹ್ಯಾನಲ್ಡ್ ಡ್ರಾ, ಕ್ರೋಟನ್ ಸ್ಪ್ರಿಂಗ್ಸ್, ಗ್ರೇಪ್‌ವೈನ್ ಹಿಲ್ಸ್ ರಸ್ತೆಯ ಜಾಗಗಳು. ಮೊದಲ ಎರಡು ಡಾಂಬರಿಗೆ ಹತ್ತಿರ. ಗ್ರೇಪ್‌ವೈನ್ ಹಿಲ್ಸ್ ರಸ್ತೆಯಿಂದಲೇ ಬ್ಯಾಲೆನ್ಸ್ಡ್ ರಾಕ್ ನೋಡುವ ಕಾಲುದಾರಿ ಇದೆ, ಬೆಳಿಗ್ಗೆ ಬೇರೆಯವರು ಬರುವ ಮೊದಲು ನೀವು ಹೋಗಿಬರಬಹುದು. ಸ್ವಲ್ಪ ಎತ್ತರದ ಎಸ್‌ಯುವಿ ಇದ್ದರೆ ಪೇಂಟ್ ಗ್ಯಾಪ್, ಪೈನ್ ಕ್ಯಾನಿಯನ್, ನುಜೆಂಟ್ ಮೌಂಟನ್. ಒಳ್ಳೆಯ ಟೈರಿನ ಫೋರ್ ವೀಲ್ ಡ್ರೈವ್ ಇದ್ದು, ಅದನ್ನು ಓಡಿಸಿ ಅಭ್ಯಾಸವೂ ಇದ್ದರೆ ಮಾತ್ರ ಓಲ್ಡ್ ಓರ್ ರಸ್ತೆ, ರಿವರ್ ರಸ್ತೆ, ಜುನಿಪರ್ ಕ್ಯಾನಿಯನ್. ಈ ಕೊನೇ ರಸ್ತೆಯಲ್ಲಿ 'ಟ್ವಿಸ್ಟೆಡ್ ಶೂ' ಅಂತ ಒಂದು ಜಾಗ ಇದೆ. ಹೆಸರೇ ಎಚ್ಚರಿಕೆ ಕೊಡುತ್ತದೆ ಅಲ್ವಾ?

ಮ್ಯಾಪಿನಲ್ಲಿ ಮೈಲಿ ನೋಡಿ ಮೋಸ ಹೋಗಬೇಡಿ. ಓಲ್ಡ್ ಓರ್ ರಸ್ತೆ 26 ಮೈಲಿ. ಹೈವೇಯಲ್ಲಾದರೆ ಅರ್ಧ ಗಂಟೆ ಕೂಡ ಬೇಡ. ಅಲ್ಲಿ ಅರ್ಧ ದಿನ. ರಿವರ್ ರಸ್ತೆ 51 ಮೈಲಿ, ಅದಕ್ಕೆ ಇಡೀ ದಿನ ಎತ್ತಿಡಿ. ಕೆಲವು ಕಡೆ ತಗಡಿನ ಶೀಟಿನ ಮೇಲೆ ಗಾಡಿ ಓಡಿಸಿದ ಹಾಗೆ ಹಲ್ಲು ಕಟಕಟ ಅನ್ನುತ್ತದೆ. ಮೂರು ರಾತ್ರಿ ಇರುವವರು ದಿನಾ ಬೇರೆ ಬೇರೆ ಕಡೆ ಸುತ್ತಬೇಕೆಂದಿದ್ದರೆ, ಒಳಗೆ ಹತ್ತು ಮೈಲಿ ದೂರದ ಜಾಗ ತಗೊಂಡು ದಿನಾ ಹೋಗಿ ಬರುವುದರಲ್ಲೇ ರಜೆ ಮುಗಿಯುತ್ತದೆ. ಸುಮ್ನೆ ಕೂತಿರಬೇಕು, ಎಲ್ಲಿಗೂ ಹೋಗಬಾರದು ಅನ್ನುವವರಿಗೆ ಅದೇ ಸ್ವರ್ಗ.

ಮಳೆ ಬಂದರೆ ಈ ಲೆಕ್ಕವೆಲ್ಲ ತಲೆಕೆಳಗು. ಓಲ್ಡ್ ಮ್ಯಾವರಿಕ್ ಕಡೆಯ ಜೇಡಿಮಣ್ಣು ಒದ್ದೆಯಾದರೆ ಎರೆಹೊಲದ ಹಾಗೆ. ಚಕ್ರಕ್ಕೆ ಮೆತ್ತಿಕೊಂಡು ಗಾಡಿ ಜಾರುತ್ತದೆ, ಫೋರ್ ವೀಲ್ ಡ್ರೈವ್ ಇದ್ದರೂ ಅಷ್ಟೇ. ಪ್ಯಾಂಥರ್ ಜಂಕ್ಷನ್‌ನ ವಿಸಿಟರ್ ಸೆಂಟರ್‌ನಲ್ಲಿ ರೇಂಜರ್‌ಗಳಿಗೆ ಆವತ್ತಿನ ರಸ್ತೆ ಸ್ಥಿತಿ ಗೊತ್ತಿರುತ್ತದೆ. ಬುಕಿಂಗ್ ಆಗಿದ್ದರೂ ಅಲ್ಲಿ ನಿಲ್ಲಿಸಿ, ನಿಮ್ಮ ಗಾಡಿಯನ್ನು ಕಿಟಕಿಯಿಂದ ತೋರಿಸಿ ಕೇಳಿ. ನಾನು ಎರಡನೇ ಸಲ ಹಾಗೆ ಕೇಳಿದಾಗ ರೇಂಜರ್ ನಮ್ಮ ಕಾರು ನೋಡಿ ಏನೂ ಹೇಳಲಿಲ್ಲ, ಸುಮ್ಮನೆ ಮ್ಯಾಪ್ ಮೇಲೆ ಬೇರೆ ಜಾಗಕ್ಕೆ ಬೆರಳಿಟ್ಟರು. ಸ್ಟೆಪ್ನಿ ಟೈರು ಪೂರ್ತಿ ಗಾತ್ರದ್ದೇ ಇರಲಿ. ಲೆಚುಗಿಯಾ ಅನ್ನುವ ಗಿಡದ ಎಲೆ ಕತ್ತಿಯ ಹಾಗಿದ್ದು ತುದಿಯಲ್ಲಿ ಗಟ್ಟಿ ಮುಳ್ಳಿರುತ್ತದೆ, ಟೈರಿನ ಪಕ್ಕೆಗೆ ಹೊಕ್ಕರೆ ಕೆಲಸ ಮುಗಿಯಿತು. ಅಷ್ಟು ಒಳಗಿನಿಂದ ಗಾಡಿ ಎಳೆಸಿಕೊಂಡು ಬರುವ ಬಿಲ್ಲು ಇಡೀ ಪ್ರವಾಸದ ಖರ್ಚನ್ನು ಮೀರಿಸುತ್ತದೆ.

ಎತ್ತರ, ತಿಂಗಳು

ಎಲ್ಲರೂ ಮರುಭೂಮಿ ಅಂದರೆ ಒಂದೇ ಬಿಸಿಲು ಅಂದುಕೊಳ್ಳುತ್ತಾರೆ. ಬಿಗ್ ಬೆಂಡ್‌ನಲ್ಲಿ ರಿಯೋ ಗ್ರಾಂಡೆ ವಿಲೇಜ್ ಸುಮಾರು 1,850 ಅಡಿ ಎತ್ತರದಲ್ಲಿದೆ. ಪ್ಯಾಂಥರ್ ಜಂಕ್ಷನ್ 3,750 ಅಡಿ. ಚಿಸೋಸ್ ಬೇಸಿನ್ 5,400 ಅಡಿ. ಸಾವಿರ ಅಡಿ ಏರಿದರೆ ಸುಮಾರು 5 ಡಿಗ್ರಿ ಫ್ಯಾರನ್‌ಹೀಟ್ ಇಳಿಯುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ನದಿ ಪಕ್ಕದ ಜಾಗಕ್ಕೂ ಪ್ಯಾಂಥರ್ ಜಂಕ್ಷನ್ ಸುತ್ತಲಿನ ಜಾಗಕ್ಕೂ ಹತ್ತು ಡಿಗ್ರಿ ವ್ಯತ್ಯಾಸ ಬಂದೇಬಿಡುತ್ತದೆ. ಏಪ್ರಿಲ್‌ನಲ್ಲಿ ಆ ಹತ್ತು ಡಿಗ್ರಿ ಅಂದರೆ ನಿದ್ದೆ ಬರುವುದಕ್ಕೂ ಬಾರದಿರುವುದಕ್ಕೂ ಇರುವ ವ್ಯತ್ಯಾಸ.

ಹಾಗಾಗಿ ಡಿಸೆಂಬರ್, ಜನವರಿಯಲ್ಲಿ ಕೆಳಗೆ, ನದಿಯ ಹತ್ತಿರ ಹೋಗಿ. ಅಕ್ಟೋಬರ್ ಕೊನೆ, ಮಾರ್ಚ್, ಏಪ್ರಿಲ್‌ನಲ್ಲಿ ಮೇಲೆ, ಚಿಸೋಸ್‌ನ ಬುಡದಲ್ಲಿ ಇರಿ. ಇಲ್ಲಿ ಅತಿ ಹೆಚ್ಚು ಬಿಸಿಲು ಮೇ, ಜೂನ್‌ನಲ್ಲಿ. ಆಗ ನೆರಳಿಲ್ಲದ ಈ ಜಾಗಗಳಿಗೆ ಹೋಗುವ ಧೈರ್ಯ ನನಗಿಲ್ಲ, ನಿಮಗೂ ಬೇಡ. ಆಮೇಲೆ ಮಳೆಗಾಲ. ಮಾರ್ಚ್‌ನಲ್ಲಿ ಶಾಲೆ, ಕಾಲೇಜಿಗೆ ರಜೆ ಇರುವ ಸ್ಪ್ರಿಂಗ್ ಬ್ರೇಕ್ ವಾರದಲ್ಲಿ ಜಾಗ ಸಿಗುವುದೇ ಕಷ್ಟ.

ಬೆಟ್ಟದ ಯಾವ ಕಡೆ?

ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಈ ಜಾಗಗಳಲ್ಲಿ ಮರವಿಲ್ಲ, ಇರುವ ಒಂದೇ ನೆರಳು ಬೆಟ್ಟದ್ದು. ಅದು ಯಾವ ಹೊತ್ತಿಗೆ ನಿಮ್ಮ ಮೇಲೆ ಬೀಳುತ್ತದೆ ಅನ್ನುವುದನ್ನು ಮನೆಯಲ್ಲೇ ಮ್ಯಾಪ್ ನೋಡಿ ಹೇಳಬಹುದು.

ಪೈನ್ ಕ್ಯಾನಿಯನ್, ನುಜೆಂಟ್ ಮೌಂಟನ್ ಜಾಗಗಳು ಚಿಸೋಸ್‌ನ ಪೂರ್ವಕ್ಕಿವೆ. ಸಂಜೆ ಸೂರ್ಯ ಬೇಗ ಬೆಟ್ಟದ ಹಿಂದೆ ಹೋಗುತ್ತಾನೆ. ಬೇರೆಯವರು ಇನ್ನೂ ಬಿಸಿಲಲ್ಲಿ ಬೇಯುತ್ತಿರುವಾಗ ನೀವು ಆರಾಮಾಗಿ ಟೀ ಕಾಯಿಸಬಹುದು. ಅದೇ ಹೊತ್ತಿಗೆ ಎದುರಿಗೆ, ದೂರದಲ್ಲಿ ಸಿಯೆರಾ ಡೆಲ್ ಕಾರ್ಮೆನ್ ಬೆಟ್ಟಸಾಲಿನ ಮೇಲೆ ಕೊನೇ ಬಿಸಿಲು ಬಿದ್ದು ಇಡೀ ಗೋಡೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನುಜೆಂಟ್ ಮೌಂಟನ್‌ನಲ್ಲಿ ನಾವು ಮೂರು ಸಲ ಉಳಿದದ್ದು ಆ ಇಪ್ಪತ್ತು ನಿಮಿಷಕ್ಕಾಗಿ. ಬೆಲೆ ತೆರುವುದು ಬೆಳಿಗ್ಗೆ. ಸೂರ್ಯ ಹುಟ್ಟಿದ ಕೂಡಲೇ ಟೆಂಟ್ ಒಲೆಯಾಗುತ್ತದೆ, ಮಲಗಿರಲು ಆಗುವುದಿಲ್ಲ.

ಪಶ್ಚಿಮಕ್ಕಿರುವ ಕ್ರೋಟನ್ ಸ್ಪ್ರಿಂಗ್ಸ್‌ನಲ್ಲಿ ಇದು ತಿರುಗಾಮುರುಗಾ. ಚಳಿಗಾಲದ ಬೆಳಿಗ್ಗೆ ಬಿಸಿಲು ಬೆಟ್ಟ ಹತ್ತಿ ಬರುವ ತನಕ ಕೈ ಮರಗಟ್ಟುತ್ತದೆ. ಮಗಳು ಸ್ಲೀಪಿಂಗ್ ಬ್ಯಾಗಿನೊಳಗಿಂದ ಮುಖ ಮಾತ್ರ ಹೊರಗೆ ಹಾಕಿ "ಬಿಸಿಲು ಬಂತಾ?" ಅಂತ ಕೇಳುತ್ತಲೇ ಇದ್ದಳು. ಆದರೆ ಸಂಜೆ ಇಡೀ ಆಕಾಶ ನಿಮ್ಮದು. ಬೆಳಿಗ್ಗೆ ಬೇಗ ಏಳುವವರು ಪೂರ್ವಕ್ಕೆ, ತಡವಾಗಿ ಏಳುವವರು ಪಶ್ಚಿಮಕ್ಕೆ. ನಮ್ಮನೆಯಲ್ಲಿ ಎರಡೂ ಜಾತಿ ಇದ್ದಾರೆ, ಆದ್ದರಿಂದ ಜಗಳ.

ಹಳ್ಳ

ಒಂದು ಸಲ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆವು. ಬಯಲುಸೀಮೆಯಲ್ಲಿ ಬೇಸಾಯ ಮಾಡಿದವರು. ಮರುಭೂಮಿ ನೋಡಿ "ಇದೇನು, ನಮ್ಮೂರ ಗೋಮಾಳದ ಹಾಗಿದೆ" ಅಂದುಬಿಟ್ಟರು. ಸಂಜೆ ಟೆಂಟಿನ ಹತ್ತಿರ ಒಣ ಹಳ್ಳದೊಳಗೆ ನಡೆಯುತ್ತಿದ್ದೆವು. ಮರಳು ಮೆತ್ತಗಿತ್ತು, ಗಾಳಿಯೂ ಇರಲಿಲ್ಲ. "ಟೆಂಟ್ ಇಲ್ಲೇ ಹಾಕಬಹುದಿತ್ತು, ನೆಲ ಹಾಸಿಗೆ ಇದ್ದ ಹಾಗಿದೆ" ಅಂದೆ. ಅತ್ತೆ ನಿಂತು ಒಂದು ಮೆಸ್ಕೀಟ್ ಪೊದೆ ತೋರಿಸಿದರು. ನನ್ನ ಮೊಣಕಾಲಿನ ಎತ್ತರಕ್ಕೆ ಕೊಂಬೆಗಳಲ್ಲಿ ಒಣಹುಲ್ಲು, ಕಡ್ಡಿ ಸಿಕ್ಕಿಕೊಂಡಿತ್ತು. "ಆ ಕಸ ಹಾರಿ ಬಂದು ಕೂತಿದ್ದಲ್ಲ ಕಣೇ. ನೀರು ತಂದು ಇಟ್ಟದ್ದು. ಹಳ್ಳದೊಳಗೆ ಯಾರಾದರೂ ಬಿಡಾರ ಹಾಕ್ತಾರಾ?"

ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಇಲ್ಲಿ ಮಳೆ ನಿಮ್ಮ ತಲೆ ಮೇಲೆ ಬೀಳಬೇಕು ಅಂತೇನಿಲ್ಲ. ಹತ್ತು ಮೈಲಿ ಆಚೆ ಬೆಟ್ಟದಲ್ಲಿ ಸುರಿದರೆ ಗಟ್ಟಿ ನೆಲ ನೀರು ಕುಡಿಯುವುದಿಲ್ಲ, ಅಷ್ಟೂ ಹಳ್ಳಕ್ಕೆ ಇಳಿದು ಗೋಡೆಯ ಹಾಗೆ ಬರುತ್ತದೆ. ಪಾರ್ಕಿನವರು ಗೊತ್ತು ಮಾಡಿದ ಜಾಗಗಳು ಹಳ್ಳದ ನಡುವೆ ಇರುವುದಿಲ್ಲ ನಿಜ. ಆದರೆ ನಿಮ್ಮ ಜಾಗಕ್ಕೂ ಡಾಂಬರು ರಸ್ತೆಗೂ ನಡುವೆ ಎಷ್ಟು ಹಳ್ಳ ದಾಟಬೇಕು ಅನ್ನುವುದನ್ನು ಎಣಿಸಿಕೊಳ್ಳಿ. ನೀರು ಬಂದರೆ ನೀವು ಮುಳುಗದೆ ಇರಬಹುದು, ಆಚೆ ಬರಲಾಗದೆ ಒಂದು ದಿನ ಜಾಸ್ತಿ ಕೂರಬೇಕಾಗಬಹುದು. ಮಳೆಗಾಲದಲ್ಲಿ ಹಳ್ಳ ಕಡಿಮೆ ಇರುವ ದಾರಿಯೇ ಒಳ್ಳೆಯದು. ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ನೀರು ಅನ್ನುವುದು ಪಾರ್ಕಿನವರ ಮಾತು. ಅದರ ಮೇಲೆ ಇನ್ನೊಂದು ದಿನದ್ದು ಗಾಡಿಯಲ್ಲಿರಲಿ ಅನ್ನುವುದು ನನ್ನ ಮಾತು.

ಹೆಸರುಗಳೂ ಸುಳಿವು ಕೊಡುತ್ತವೆ. 'ಡ್ರಾ' ಅಂದರೆ ಹಳ್ಳ. 'ಟ್ಯಾಂಕ್' ಅಂದರೆ ದನ ಸಾಕುವವರು ಮಳೆನೀರಿಗೆ ಕಟ್ಟಿಕೊಂಡ ಕಟ್ಟೆ. 'ಟಿನಾಹ' ಅಂದರೆ ಬಂಡೆಯ ದೊಣೆ. 'ಸ್ಪ್ರಿಂಗ್' ಅಂದರೆ ನೀರಿನ ಬುಗ್ಗೆ, ಆದರೆ ಹಾಗೆ ಹೆಸರಿದ್ದ ಮಾತ್ರಕ್ಕೆ ನೀರು ಸಿಗುತ್ತದೆ ಅಂತ ಕ್ಯಾನ್ ಬಿಟ್ಟು ಹೋಗಬೇಡಿ. ಇದ್ದರೂ ಅದು ಪ್ರಾಣಿಗಳ ಪಾಲು.

ಗಾಳಿ ಮತ್ತು ನೆಲ

ನೆಲ ಸುಣ್ಣ ಹಾಕಿ ಗಾರೆ ಮಾಡಿದ ಹಾಗಿರುತ್ತದೆ. ತೆಳು ಅಲ್ಯೂಮಿನಿಯಂ ಗೂಟ ಬಾಗುತ್ತದೆ. ಗೂಟವಿಲ್ಲದೆ ತಾನೇ ನಿಲ್ಲುವ ಟೆಂಟ್ ತನ್ನಿ, ಉದ್ದದ ಕಬ್ಬಿಣದ ಮೊಳೆ ತನ್ನಿ, ಒಂದು ಸುತ್ತಿಗೆ ತನ್ನಿ. ಟೆಂಟಿನ ಒಳಗೆ ನಾಲ್ಕು ಮೂಲೆಗೂ ನೀರಿನ ಕ್ಯಾನ್ ಇಡಿ. ಗಾಡಿಯನ್ನು ಗಾಳಿ ಬರುವ ಕಡೆಗೆ ಅಡ್ಡ ನಿಲ್ಲಿಸಿ. ದಿಣ್ಣೆಯ ನೆತ್ತಿಯ ಮೇಲಿರುವ ಜಾಗದಲ್ಲಿ ನೋಟ ಚೆನ್ನ, ರಾತ್ರಿ ಟೆಂಟಿನ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತದೆ. ಚಳಿಗಾಲದಲ್ಲಿ ತಗ್ಗಿನ ಜಾಗದಲ್ಲಿ ಗಾಳಿ ಬೀಸುವುದಿಲ್ಲ, ಆದರೆ ಥಂಡಿಯೆಲ್ಲ ಇಳಿದು ಅಲ್ಲೇ ನಿಲ್ಲುತ್ತದೆ. ಎರಡರ ನಡುವೆ, ಇಳಿಜಾರಿನ ಬದಿಯಲ್ಲಿರುವುದು ನನಗಿಷ್ಟ.

ಯಾರ ಜೊತೆ ಹೋಗ್ತೀರಿ?

ಟಾಯ್ಲೆಟ್ ಮಾತು ಬಿಟ್ಟು ಈ ವಿಷಯ ಮುಗಿಸಲಾಗದು. ಆರಿಂಚು ಗುಂಡಿ ತೋಡಿ ಮುಚ್ಚಬೇಕು, ಕಾಗದವನ್ನು ಚೀಲದಲ್ಲಿ ವಾಪಸ್ ತರಬೇಕು. ಅತ್ತೆಗೆ ಮೊಣಕಾಲು ನೋವು. ಅದಕ್ಕೆ ಆ ಸಲ ಹ್ಯಾನಲ್ಡ್ ಡ್ರಾ ತಗೊಂಡೆವು. ಪ್ಯಾಂಥರ್ ಜಂಕ್ಷನ್‌ನಿಂದ ಉತ್ತರಕ್ಕೆ ಸ್ವಲ್ಪವೇ ದೂರ, ಡಾಂಬರಿನ ಪಕ್ಕದಲ್ಲೇ. ಬೆಳಿಗ್ಗೆ ವಿಸಿಟರ್ ಸೆಂಟರ್‌ಗೆ ಓಡಿಸಿಕೊಂಡು ಹೋದರೆ ಆಯಿತು. ರಾತ್ರಿಗೆ ಮಡಚುವ ಕಮೋಡ್ ಮತ್ತು ಒಂದು ಚಿಕ್ಕ ಟೆಂಟ್. ಅಪರೂಪಕ್ಕೆ ಹೈವೇ ಗಾಡಿಯ ದೀಪ ಬೀಳುತ್ತದೆ, ನುಜೆಂಟ್‌ನಷ್ಟು ಮೌನ ಇಲ್ಲ. ಅತ್ತೆಗೆ ಅದೇ ಧೈರ್ಯ. "ಯಾರೋ ಒಬ್ಬರು ಓಡಾಡ್ತಾರಲ್ಲ, ಸಾಕು" ಅಂದರು. ಆವತ್ತು ರಾತ್ರಿ ಚಂದ್ರ ಇರಲಿಲ್ಲ. ಈ ಪಾರ್ಕಿಗೆ 2012ರಲ್ಲಿ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್ ಅನ್ನುವ ಮನ್ನಣೆ ಸಿಕ್ಕಿದೆ, ಅದು ಯಾಕೆ ಅಂತ ಅಮಾವಾಸ್ಯೆಗೆ ಹೋದರೆ ತಿಳಿಯುತ್ತದೆ. ಅತ್ತೆ ಕುರ್ಚಿಯಲ್ಲೇ ಕಂಬಳಿ ಹೊದ್ದು ಸಪ್ತರ್ಷಿ ಮಂಡಲ ಹುಡುಕಿ ಮೊಮ್ಮಗಳಿಗೆ ತೋರಿಸಿದರು. ನಕ್ಷತ್ರ ಜಾಸ್ತಿಯಾಗಿ ಹುಡುಕಲು ಕಷ್ಟವಾಯಿತು.

ಒಂದೇ ಹೆಸರಿನಲ್ಲಿ 1, 2, 3, 4 ಅಂತ ನಂಬರ್ ಇದ್ದರೆ ಅಲ್ಲಿ ನೆರೆಯವರಿರುತ್ತಾರೆ ಅಂತ ಅರ್ಥ. ಎರಡು ಕುಟುಂಬ ಹೋಗುವವರು ಜೋಡಿ ನಂಬರ್ ತಗೊಳ್ಳಿ. ಒಂದು ಜಾಗಕ್ಕೆ ಎಷ್ಟು ಜನ, ಎಷ್ಟು ಗಾಡಿ ಅನ್ನುವ ಮಿತಿ ಇರುತ್ತದೆ, ಬುಕ್ ಮಾಡುವಾಗಲೇ ನೋಡಿ.

ಕಟ್ಟಿಗೆ ಬೆಂಕಿ ಹಾಕುವಂತಿಲ್ಲ. ಅಡುಗೆಗೆ ಗ್ಯಾಸ್ ಸ್ಟವ್ ತನ್ನಿ. ಕ್ಯಾಂಪ್‌ಫೈರ್ ಸುತ್ತ ಅಂತಾಕ್ಷರಿ ಅಂತ ಮಕ್ಕಳಿಗೆ ಆಸೆ ಹುಟ್ಟಿಸಬೇಡಿ, ನಾನು ಹುಟ್ಟಿಸಿ ಬೈಸಿಕೊಂಡಿದ್ದೇನೆ. ಜನರೇಟರ್ ಕೂಡ ಇಲ್ಲ. ಊಟದ ಸಾಮಾನು, ಟೂತ್‌ಪೇಸ್ಟ್ ಸಮೇತ, ಕಬ್ಬಿಣದ ಪೆಟ್ಟಿಗೆಯಲ್ಲಿ ಅಥವಾ ಗಾಡಿಯೊಳಗೆ. ಕಪ್ಪು ಕರಡಿಗಳು ಇಲ್ಲಿಂದ ಕಾಣೆಯಾಗಿ, 1980ರ ದಶಕದಲ್ಲಿ ಮೆಕ್ಸಿಕೋ ಕಡೆಯಿಂದ ತಾವಾಗಿಯೇ ವಾಪಸ್ ಬಂದವು. ನಮಗೆ ಒಂದೂ ಕಂಡಿಲ್ಲ. ಕಂಡದ್ದು ಹವೆಲೀನಾ. ನೋಡಲು ಕಾಡುಹಂದಿಯ ಹಾಗಿರುತ್ತದೆ, ಹೊರಗೆ ಮರೆತ ಚಪಾತಿ ಡಬ್ಬಿಯನ್ನು ಬಿಡುವುದಿಲ್ಲ.

ಬುಕಿಂಗ್

ಎಷ್ಟೋ ಜಾಗಗಳನ್ನು ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ತಿಂಗಳುಗಟ್ಟಲೆ ಮೊದಲೇ ಹಿಡಿಯಬಹುದು. ನಾನು ಮಾಡುವುದು ಹೀಗೆ. ಮೊದಲು ತಾರೀಖು, ಅದಕ್ಕೆ ತಕ್ಕ ಎತ್ತರ. ಆಮೇಲೆ ಗಾಡಿಗೆ ತಕ್ಕ ರಸ್ತೆ. ಇಷ್ಟರಲ್ಲಿ ನಾಲ್ಕೈದು ಹೆಸರು ಉಳಿದಿರುತ್ತವೆ. ಆಗ ಫೋಟೋ ನೋಡುತ್ತೇನೆ. ಪಾರ್ಕಿನ ವೆಬ್‌ಸೈಟಿನಲ್ಲಿ ಒಂದೊಂದು ಜಾಗಕ್ಕೂ ರಸ್ತೆಯ ವಿವರ ಕೊಟ್ಟಿದ್ದಾರೆ, ಅದನ್ನು ಎರಡು ಸಲ ಓದಿ. ಪರ್ಮಿಟ್ ಪ್ರಿಂಟ್ ತೆಗೆದಿಟ್ಟುಕೊಳ್ಳಿ, ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ. ಒಳಗೆ ಹೋದ ಮೇಲೆ ಫೋನ್ ಬರೀ ಟಾರ್ಚ್.

ಬೆಳಕಿರುವಾಗಲೇ ಜಾಗ ಮುಟ್ಟಬೇಕು. ಆಸ್ಟಿನ್‌ನಿಂದ ನಮಗೆ ಏಳೆಂಟು ಗಂಟೆ ದಾರಿ. ಅದಕ್ಕೇ ಮೊದಲ ರಾತ್ರಿ ಡಾಂಬರಿಗೆ ಹತ್ತಿರದ ಜಾಗ, ಎರಡನೇ ರಾತ್ರಿಗೆ ಒಳಗಿನದು. ಪ್ಯಾಂಥರ್ ಜಂಕ್ಷನ್‌ನಲ್ಲಿ ಪೆಟ್ರೋಲ್ ಸಿಗುತ್ತದೆ, ಆದರೂ ಮ್ಯಾರಥಾನ್ ಊರಿನಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ. ಅಲ್ಲಿಂದ ಪ್ಯಾಂಥರ್ ಜಂಕ್ಷನ್‌ಗೆ ಸುಮಾರು 70 ಮೈಲಿ, ನಡುವೆ ಏನೂ ಇಲ್ಲ.

ಇನ್ನೊಂದು, ನಮ್ಮಂಥ ವೀಸಾದವರಿಗೆ. ವಾಪಸ್ ಬರುವಾಗ ಉತ್ತರಕ್ಕೆ ಹೋಗುವ ಹೈವೇಗಳಲ್ಲಿ ಬಾರ್ಡರ್ ಪಟ್ರೋಲ್, ಅಂದರೆ ಗಡಿ ಕಾಯುವವರ ಚೆಕ್‌ಪೋಸ್ಟ್ ಇದೆ. ಗಡಿ ದಾಟದಿದ್ದರೂ ನಿಲ್ಲಿಸಿ ಕೇಳುತ್ತಾರೆ. ಪಾಸ್‌ಪೋರ್ಟ್, ವೀಸಾ ಕಾಗದ ಎಲ್ಲರದ್ದೂ ಜೊತೆಯಲ್ಲಿರಲಿ, ಕೈಗೆ ಸಿಗುವ ಕಡೆ. ನಮ್ಮದು ಅತ್ತೆಯ ಬ್ಯಾಗಿನ ತಳದಲ್ಲಿ, ಚಕ್ಕುಲಿ ಡಬ್ಬಿಯ ಕೆಳಗಿತ್ತು. ಅವರು ಒಂದೊಂದೇ ಸಾಮಾನು ತೆಗೆದು ನನ್ನ ಮಡಿಲಿಗೆ ಹಾಕುತ್ತಾ ಹೋದರು, ಆಫೀಸರ್ ಕಿಟಕಿಯ ಹತ್ತಿರ ನಿಂತು ಕಾಯುತ್ತಾ ಇದ್ದರು.